ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್‌ನ ಆದರ್ಶವನ್ನು ಕೆಲವರು ಹುಸಿ ಅನ್ನೋದು ಯಾಕೆ?

1987ರಿಂದ 1994ರವರೆಗೆ ಬಂದ, 24ನೇ ಶತಮಾನದ ಬಾಹ್ಯಾಕಾಶ ಹಡಗೊಂದರ ಕಥೆ ಹೇಳುವ ಈ ಟಿವಿ ಧಾರಾವಾಹಿ ನನಗೆ ತುಂಬಾ ಇಷ್ಟ. ಅದರ ಭವಿಷ್ಯದಲ್ಲಿ ಮನುಷ್ಯರು ದುರಾಸೆ, ಜಗಳ ಬಿಟ್ಟು ಒಳ್ಳೆಯವರಾಗಿದ್ದಾರೆ. ಆದರೂ ಈ ಆದರ್ಶ ಹುಸಿ ಎಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಮನುಷ್ಯ ಒಳ್ಳೆಯವನಾಗಬಲ್ಲ ಎಂದು ನಂಬಿದ್ದು ತಪ್ಪಲ್ಲ. ಆ ಒಳ್ಳೆಯತನಕ್ಕೆ ಯಾರೂ ಬೆಲೆಯನ್ನೇ ತೆರಬೇಕಿಲ್ಲ ಎಂಬಂತೆ ತೋರಿಸಿದ್ದು ತಪ್ಪು.

1988ರ 'ದಿ ನ್ಯೂಟ್ರಲ್ ಝೋನ್' ಕಂತಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದ 20ನೇ ಶತಮಾನದ ಮೂವರು ಮತ್ತೆ ಜೀವ ಪಡೆದು ಏಳುತ್ತಾರೆ. ಅವರಲ್ಲಿ ಒಬ್ಬ ದುಡ್ಡಿದ್ದವನು. ಹಸಿವು, ಕೊರತೆ, ಆಸ್ತಿಯ ಆಸೆ ಎಲ್ಲ ಮುಗಿದುಹೋಗಿದೆ ಎಂದು ಕ್ಯಾಪ್ಟನ್ ಪಿಕಾರ್ಡ್ ಅವನಿಗೆ ಹೇಳುತ್ತಾರೆ. ಸರಿ, ಆದರೆ ಹಡಗಿನಲ್ಲಿ ರೆಪ್ಲಿಕೇಟರ್ ಇದೆ. ಕೇಳಿದ ಊಟ ಕೇಳಿದ ಕೂಡಲೇ ಬರುತ್ತದೆ. ಏನೂ ಕಡಿಮೆ ಇಲ್ಲದವರಿಗೆ ದುರಾಸೆ ಇಲ್ಲ ಅನ್ನೋದು ದೊಡ್ಡ ಸಾಧನೆಯೇನಲ್ಲ, ಅಲ್ವಾ? ಸಿಬ್ಬಂದಿ ತಮ್ಮತಮ್ಮಲ್ಲಿ ಜಗಳವಾಡಬಾರದು ಎಂಬುದು ಸೃಷ್ಟಿಕರ್ತ ಜೀನ್ ರಾಡೆನ್‌ಬೆರಿ ಹಾಕಿದ ನಿಯಮ. ಕಥೆ ಬರೆಯುವವರಿಗೆ ಅದೇ ದೊಡ್ಡ ತಲೆನೋವಾಗಿತ್ತು.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು 1994ರ 'ಹೋಮ್‌ವರ್ಡ್' ನೋಡಿದಾಗ. ಬೊರಾಲ್ ಎಂಬ ಗ್ರಹದ ವಾತಾವರಣ ನಾಶವಾಗುತ್ತಿರುತ್ತದೆ. ಅಲ್ಲಿನ ಕೆಲವರನ್ನಾದರೂ ಉಳಿಸುವ ಶಕ್ತಿ ಹಡಗಿಗೆ ಇದೆ. ಆದರೆ ಹಿಂದುಳಿದ ನಾಗರಿಕತೆಗಳ ವಿಷಯದಲ್ಲಿ ತಲೆಹಾಕಬಾರದು ಎನ್ನುವ ಪ್ರೈಮ್ ಡೈರೆಕ್ಟಿವ್ ಅಡ್ಡ ಬರುತ್ತದೆ. ಪಿಕಾರ್ಡ್ ಮತ್ತು ಸಿಬ್ಬಂದಿ ಗಂಭೀರವಾಗಿ ನಿಂತು ಒಂದು ಗ್ರಹ ಸಾಯುವುದನ್ನು ಪರದೆಯ ಮೇಲೆ ನೋಡುತ್ತಾರೆ. ಸಿಬ್ಬಂದಿಯಲ್ಲೊಬ್ಬನಾದ ವೋರ್ಫ್‌ನ ಸಾಕು ಸಹೋದರ ನಿಕೊಲಾಯ್ ಒಂದು ಹಳ್ಳಿಯ ಜನರನ್ನು ಗುಟ್ಟಾಗಿ ಹಡಗಿನ ಕೃತಕ ದೃಶ್ಯಗಳ ಕೋಣೆಯಾದ ಹೊಲೊಡೆಕ್‌ಗೆ ತಂದು ಉಳಿಸಿದರೆ, ಬೈಸಿಕೊಳ್ಳುವವನು ಅವನೇ! ಅವರ ಸಂಸ್ಕೃತಿ ಕೆಡಬಾರದು ಅಂತ ಅವರನ್ನೇ ಸಾಯಲು ಬಿಡುವುದು ಯಾವ ನ್ಯಾಯ? ಸತ್ತವರಿಗೆ ಯಾವ ಸಂಸ್ಕೃತಿ? ತಮ್ಮ ಕೈ ಕೊಳೆಯಾಗಬಾರದು ಎಂಬ ಕಾಳಜಿಯೇ ಇಲ್ಲಿ ಎದುರಿನವರ ಜೀವಕ್ಕಿಂತ ಜಾಸ್ತಿಯಾಗಿದೆ.

1993ರಲ್ಲಿ ಶುರುವಾದ ಇನ್ನೊಂದು ಸ್ಟಾರ್ ಟ್ರೆಕ್ ಧಾರಾವಾಹಿ 'ಡೀಪ್ ಸ್ಪೇಸ್ ನೈನ್' ಈ ಲೋಪವನ್ನು ಗುರುತಿಸಿತು. ಒಪ್ಪಂದದಲ್ಲಿ ತಮ್ಮ ಮನೆಗಳನ್ನೇ ಶತ್ರುಗಳಿಗೆ ಬಿಟ್ಟುಕೊಡಬೇಕಾದ ಗಡಿಯ ಜನರ ಬಗ್ಗೆ ಮಾತಾಡುವಾಗ ಅದರ ನಾಯಕ ಸಿಸ್ಕೊ, ಭೂಮಿಯ ಸ್ವರ್ಗದಲ್ಲಿ ಕೂತವರಿಗೆ ಸಂತರಾಗಿರುವುದು ಸುಲಭ ಎಂದು ರೇಗುತ್ತಾನೆ. ಆ ಮಾತು ನೆಕ್ಸ್ಟ್ ಜನರೇಷನ್‌ನಲ್ಲೇ ಬರಬೇಕಿತ್ತು.

ಹಾಗಂತ ಎಲ್ಲ ಕಂತೂ ಹೀಗಿಲ್ಲ. 1989ರ 'ದಿ ಮೆಷರ್ ಆಫ್ ಎ ಮ್ಯಾನ್' ನೋಡಿ. ಹಡಗಿನ ಸಿಬ್ಬಂದಿಯಲ್ಲಿರುವ ಮನುಷ್ಯರೂಪದ ಯಂತ್ರ (ಆಂಡ್ರಾಯ್ಡ್) ಡೇಟಾ, ಹಡಗನ್ನು ನಡೆಸುವ ಸಂಸ್ಥೆ ಸ್ಟಾರ್‌ಫ್ಲೀಟ್‌ನ ಸ್ವತ್ತೇ, ಅಥವಾ ತನ್ನ ವಿಷಯ ತಾನೇ ನಿರ್ಧರಿಸಬಲ್ಲ ಜೀವಿಯೇ ಎಂಬ ವಿಚಾರಣೆ. ಅವನನ್ನು ಬಿಚ್ಚಿ ನೋಡಬೇಕು ಎನ್ನುವವನೂ ಸ್ಟಾರ್‌ಫ್ಲೀಟ್‌ನವನೇ. ಗೆಳೆಯ ರೈಕರ್ ಬಲವಂತಕ್ಕೆ ಡೇಟಾನ ವಿರುದ್ಧ ವಾದಿಸಬೇಕಾಗುತ್ತದೆ. ರೈಕರ್ ಡೇಟಾನ ಕೈ ಕಳಚಿ ತೋರಿಸುತ್ತಾನೆ, ಸ್ವಿಚ್ ಆಫ್ ಮಾಡುತ್ತಾನೆ. ಪಿಕಾರ್ಡ್ ತಮ್ಮದೇ ಸಂಸ್ಥೆಯ ಎದುರು ನಿಂತು ವಾದಿಸಿ ಗೆಲ್ಲಬೇಕಾಗುತ್ತದೆ. ಇಲ್ಲಿ ಆದರ್ಶ ಸುಮ್ನೆ ಸಿಗುವುದಿಲ್ಲ, ಅದಕ್ಕೇ ಅದನ್ನು ನಾನು ನಂಬುತ್ತೇನೆ. ಸಾಧ್ಯವಾದರೆ 'ಹೋಮ್‌ವರ್ಡ್' ಮತ್ತು ಇದನ್ನು ಒಂದರ ಹಿಂದೆ ಒಂದು ನೋಡಿ.