ಆಪ್ತಸಲಹೆ ಪ್ರಕರಣ: ಬಾಗಿಲ ಹೊರಗೆ ಕೂರಿಸುವ ಥೆರಪಿ ಸೆಂಟರ್

(ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕಾರವಾರ ತಾಲ್ಲೂಕಿನ ಕೊಂಕಣಿ ಮನೆಮಾತಿನ ಕುಟುಂಬ. ಮಗುವಿಗೆ ಮೂರು ವರ್ಷ ಎರಡು ತಿಂಗಳು. ಇಲ್ಲಿ ಬಾಬು ಎಂದು ಕರೆಯೋಣ. ಅಪ್ಪನದು ಪಾಳಿ ಕೆಲಸ, ಆಯಿ (ತಾಯಿ) ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹೆಸರು ಕೂಗಿದರೆ ಬಾಬು ತಿರುಗುವುದಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ದೊಡ್ಡವರ ಕೈ ಹಿಡಿದು ಬಿಸ್ಕೆಟ್ ಡಬ್ಬಿಯವರೆಗೆ ಎಳೆದೊಯ್ಯುತ್ತಾನೆ. ಒಂದೂವರೆ ವರ್ಷಕ್ಕೆ ಬಂದಿದ್ದ ನಾಲ್ಕೈದು ಶಬ್ದಗಳೂ ಆಮೇಲೆ ನಿಂತುಹೋಗಿವೆ. ಅಜ್ಜಿ ದಿನಾ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು, ಇಡಗುಂಜಿ ಗಣಪತಿಗೆ ಹರಕೆಯನ್ನೂ ಹೊತ್ತಿದ್ದರು. "ಇವನ ಅಪ್ಪ ಮಾತಾಡಿದ್ದೂ ನಾಲ್ಕು ತುಂಬಿದ ಮೇಲೆಯೇ" ಎಂಬುದು ಅವರ ವಾದ.

ಅವರು ನನ್ನಲ್ಲಿಗೆ ಬರುವ ಹೊತ್ತಿಗೆ ಮನೆಯಲ್ಲಿ ಜಗಳ ಜೋರಾಗಿತ್ತು. ನೋಡಿ ಬಂದಿದ್ದ ಸೆಂಟರ್‌ಗಳು ಮೂರು. ಒಂದು ಘಟ್ಟದ ಮೇಲಿನ ನಗರದ್ದು: ದೊಡ್ಡ ಕಟ್ಟಡ, ಆರು ತಿಂಗಳ ಪ್ಯಾಕೇಜ್, ಹಣ ಮುಂಗಡ, "ಮಾತು ಬರಿಸುತ್ತೇವೆ, ಗ್ಯಾರಂಟಿ" ಎಂಬ ಭರವಸೆ. ಎರಡನೆಯದು ಹತ್ತಿರದ ಪೇಟೆಯಲ್ಲಿ ಹೊಸದಾಗಿ ತೆರೆದದ್ದು. ಬಣ್ಣದ ದೀಪದ ಕೋಣೆ, ಜೋಕಾಲಿ, ಎಲ್ಲ ಥೆರಪಿಗೂ ಒಬ್ಬರೇ. ಮೂರನೆಯದು ಬಾಡಿಗೆ ಮನೆಯ ಒಂದು ಕೋಣೆ, ಒಬ್ಬ ಸ್ಪೀಚ್ ಥೆರಪಿಸ್ಟ್, ವಾರಕ್ಕೆ ಎರಡು ದಿನ. ಆಯಿಗೆ ಮೊದಲನೆಯದೇ ಬೇಕು, ಒಡವೆ ಅಡವಿಟ್ಟಾದರೂ ಸರಿ. ಅಪ್ಪನಿಗೆ ಮೂರನೆಯದು, ಮುಖ್ಯವಾಗಿ ಫೀಸು ಕಡಿಮೆ ಎಂದು.

"ನೀವೇ ಒಂದು ಹೇಳಿಬಿಡಿ ಮೇಡಂ" ಎಂದರು. ಹೇಳಲಿಲ್ಲ. ಮಗುವಿಗೆ ಏನಾಗಿದೆ ಎಂಬುದೇ ಇನ್ನೂ ಗೊತ್ತಾಗಿರಲಿಲ್ಲ. ಮೂರೂ ಕಡೆ ಥೆರಪಿಯ ಮಾತಾಗಿತ್ತೇ ಹೊರತು ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಿದ್ದು ಆ ಒಂದು ಕೋಣೆಯ ಥೆರಪಿಸ್ಟ್ ಮಾತ್ರ. "ಟೀವಿ ಜಾಹೀರಾತು ಬಂದರೆ ಓಡಿ ಬರುತ್ತಾನಲ್ಲ, ಕಿವಿ ಸರಿಯಿದೆ" ಎಂದು ಇವರು ತಳ್ಳಿಹಾಕಿದ್ದರು. ಕೆಲವು ಬಗೆಯ ಸದ್ದುಗಳು ಮಾತ್ರ ಕೇಳಿಸದ ಮಕ್ಕಳೂ ಇರುತ್ತಾರೆ. ಸದ್ದಿಗೆ ಓಡಿ ಬರುತ್ತಾರೆ, ಆದರೆ ಮಾತು ಅವರಿಗೆ ಅರ್ಧಂಬರ್ಧ ತಲುಪುತ್ತದೆ. ಹಾಗಾಗಿ ಮೊದಲು ಬೆರಾ ಟೆಸ್ಟ್, ಅಂದರೆ ಸದ್ದಿಗೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಪರೀಕ್ಷೆ. ಬಂದ ಶಬ್ದ ಹೋಗಿರುವುದರಿಂದ ಮಕ್ಕಳ ವೈದ್ಯರನ್ನೂ ತಡಮಾಡದೆ ಕಾಣಬೇಕು, ಕಾರವಾರದ ಕ್ರಿಮ್ಸ್ ಆಸ್ಪತ್ರೆಯಿಂದಲೇ ಶುರುಮಾಡಿ ಎಂದೆ. ಪೂರ್ಣ ಅಸೆಸ್‌ಮೆಂಟ್‌ಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರೂ ಆಯಿಷ್ ಎನ್ನುವುದು ಅದನ್ನೇ. ದೂರ ನಿಜ, ಆದರೆ ಇದು ವಾರವಾರ ಓಡಾಡುವ ಕೆಲಸವಲ್ಲ. ಅಜ್ಜಿಯ ಹರಕೆಗೆ ನನ್ನ ತಕರಾರಿರಲಿಲ್ಲ. ಬಜೆ ಮಾತ್ರ ನಿಲ್ಲಿಸಿ, ಇಷ್ಟು ಸಣ್ಣ ಮಗುವಿಗೆ ದಿನಾ ಕೊಡುವಂಥದ್ದಲ್ಲ ಎಂದೆ. ಅಜ್ಜಿ ಸಿಟ್ಟಾದರು.

ಆಮೇಲೆ ಸೆಂಟರ್ ವಿಚಾರ. ಅಪ್ಪ ನೋಟ್‌ಬುಕ್ಕು ಹಿಡಿದು ಬಂದಿದ್ದರು. ಅದರಲ್ಲಿದ್ದದ್ದು ಕೋಣೆ ಎಷ್ಟು, ಎಸಿ ಇದೆಯೇ, ಸಾಮಾನು ಯಾವುವು ಎಂಬ ಲೆಕ್ಕ. ಅದನ್ನು ಬದಿಗಿಡಿಸಿ, ಒಂದು ಸೆಷನ್ ಒಳಗೆ ಕೂತು ನೋಡಲು ಬಿಡುತ್ತಾರೆಯೇ ಎಂದು ಮೂರೂ ಕಡೆ ಫೋನ್ ಮಾಡಿ ಕೇಳಲು ಹೇಳಿದೆ. ಘಟ್ಟದ ಮೇಲಿನವರು "ಅಪ್ಪ ಅಮ್ಮ ಒಳಗಿದ್ದರೆ ಮಗು ಸಹಕರಿಸುವುದಿಲ್ಲ, ಸಿಸಿಟಿವಿ ಇದೆ" ಎಂದರಂತೆ. ಕೆಲವೊಮ್ಮೆ ಹತ್ತು ನಿಮಿಷ ಹೊರಗಿರಿ ಎನ್ನುವುದಕ್ಕೆ ಕಾರಣವಿರುತ್ತದೆ, ಒಪ್ಪುತ್ತೇನೆ. ಆದರೆ ಯಾವತ್ತೂ ಒಳಗೆ ಬಿಡುವುದಿಲ್ಲ ಎಂಬ ಜಾಗಕ್ಕೆ ಮಾತು ಬಾರದ ಮಗುವನ್ನು ಒಪ್ಪಿಸಬೇಡಿ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಒಳಗೆ ಏನಾಯಿತೆಂದು ಆ ಮಗು ಬಂದು ಹೇಳಲಾರದು.

ಇನ್ನೊಂದು ಲೆಕ್ಕವೂ ಇದೆ. ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಎಂದರೆ ಒಟ್ಟು ಒಂದೂವರೆ ಗಂಟೆ. ಎಚ್ಚರವಿರುವ ಉಳಿದ ಎಂಬತ್ತು ಚಿಲ್ಲರೆ ಗಂಟೆ ಬಾಬು ಮನೆಯವರ ಜೊತೆಗೇ ಇರುತ್ತಾನೆ. ಥೆರಪಿಸ್ಟ್ ಮಾಡಿದ್ದನ್ನು ಆಯಿ ಕಣ್ಣಾರೆ ಕಂಡು, ಅದೇ ಕೋಣೆಯಲ್ಲಿ ಒಮ್ಮೆ ತಾನೂ ಮಾಡಿ, ತಪ್ಪಿದಲ್ಲಿ ತಿದ್ದಿಸಿಕೊಂಡು ಬಂದರೆ ತಿಂಡಿ ಕೊಡುವಾಗ, ಸ್ನಾನ ಮಾಡಿಸುವಾಗ ಅದು ಮುಂದುವರಿಯುತ್ತದೆ. ಹೊರಗೆ ಬೆಂಚಿನ ಮೇಲೆ ಮೊಬೈಲು ನೋಡುತ್ತ ಕೂತು ಬಂದವರಿಗೆ ಮನೆಯಲ್ಲಿ ಏನು ಮಾಡಬೇಕೆಂದೇ ತಿಳಿಯದು. ಪ್ಯಾಕೇಜ್ ಒಪ್ಪಿದ್ದರೆ ಆಯಿ ಮತ್ತು ಮಗು ಆರು ತಿಂಗಳು ಪರಊರಿನ ಬಾಡಿಗೆ ಕೋಣೆಯಲ್ಲಿ, ಅಪ್ಪ ಇಲ್ಲಿ ರಾತ್ರಿ ಪಾಳಿಯಲ್ಲಿ. ಬೇಸರ ಹತ್ತಿ ವಾಪಸು ಬಂದ ಇಂಥ ತಾಯಂದಿರನ್ನು ಹಿಂದೆಯೂ ಕಂಡಿದ್ದೇನೆ.

ಎರಡನೆಯ ಸೆಂಟರ್‌ನಲ್ಲಿ ಅರ್ಹತೆ ಕೇಳಿ ಎಂದೆ. ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್ ಇವರಿಗೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಸಂಖ್ಯೆ ಇರಬೇಕು. 1992ರ ಕಾಯ್ದೆ ಅದು; ಸಂಖ್ಯೆ ಕೇಳಿದರೆ ಮುಜುಗರಪಡಬೇಕಾದವರು ನೀವಲ್ಲ. ಊಟ, ಬಟ್ಟೆಯಂಥ ದಿನದ ಕೆಲಸ ರೂಢಿಸುವ ಆಕ್ಯುಪೇಶನಲ್ ಥೆರಪಿಯವರು ಆ ಪಟ್ಟಿಯಲ್ಲಿ ಬರುವುದಿಲ್ಲ, ಅವರ ಪದವಿ ಪ್ರಮಾಣಪತ್ರ ನೋಡಬೇಕು. ಅಲ್ಲಿದ್ದವರ ಹತ್ತಿರ ಇದ್ದದ್ದು ಯಾವುದೋ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು. ಅಲ್ಲಿಗೆ ಆ ಮಾತು ಮುಗಿಯಿತು.

ಮೂರನೆಯವರ ಬಗ್ಗೆ ಅಪ್ಪನಿಗಿಂತ ನನಗೇ ಅನುಮಾನ ಹೆಚ್ಚಿತ್ತು. ಫೀಸು ಕಡಿಮೆ ಎಂಬುದು ಆಯ್ಕೆಗೆ ಕಾರಣವಾಗದು. ಆಯಿ ಒಳಗೆ ಕೂತು ನೋಡಿ ಬಂದು ಹೇಳಿದ್ದು ಹೀಗೆ: ಬಾಬು ಮೊದಲ ಹದಿನೈದು ನಿಮಿಷ ಅತ್ತ. ಥೆರಪಿಸ್ಟ್ ಕೈ ಹಿಡಿದು ಕುರ್ಚಿಗೆ ಒತ್ತಲಿಲ್ಲ, ನೆಲಕ್ಕೆ ಕೂತು ಅವನ ಕಾರಿನ ಚಕ್ರ ತಿರುಗಿಸಿದರು. ಅವನು ನೋಡಿದ. ಕಾರನ್ನು ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಟ್ಟು ಕಾದರು. ಅವನು ಡಬ್ಬಿ ಎತ್ತಿ ಅವರ ಕೈಗೆ ಕೊಟ್ಟ. ಕೊನೆಗೆ ಆಕೆ ಬರೆದುಕೊಟ್ಟ ಹಾಳೆಯಲ್ಲಿ "ಸಂವಹನ ಸುಧಾರಣೆ" ಎಂಬಂಥ ತೂಕದ ಮಾತಿರಲಿಲ್ಲ. "ಮೂರು ತಿಂಗಳಲ್ಲಿ: ತಿಂಡಿ ಬೇಕಾದಾಗ ಕೈ ಚಾಚಿ 'ದಿ' (ಕೊಂಕಣಿಯಲ್ಲಿ 'ಕೊಡು') ಎನ್ನಬೇಕು, ಅಥವಾ ಚಿತ್ರದ ಕಾರ್ಡು ಕೊಡಬೇಕು, ದಿನಕ್ಕೆ ಐದು ಸಲ" ಎಂದಿತ್ತು. ಆಗಿದೆಯೋ ಇಲ್ಲವೋ ಎಂದು ಅಜ್ಜಿಯೂ ಎಣಿಸಬಹುದಾದ ಗುರಿ. ಕಾರ್ಡು ಕೊಟ್ಟರೆ ಮಾತೇ ಬಾರದು ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ.

ಕೊಂಕಣಿ ಬಿಡಬೇಕೇ ಎಂದೂ ಕೇಳಿದರು. ಯಾರೋ ಒಂದೇ ಭಾಷೆ, ಅದೂ ಇಂಗ್ಲಿಷ್ ಮಾತ್ರ ಆಡಿ ಎಂದಿದ್ದರಂತೆ. ಎರಡು ಭಾಷೆ ಕೇಳುವುದರಿಂದ ಆಟಿಸಂ (ಮಾತು, ಇತರರೊಡನೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಬರುವುದಿಲ್ಲ, ಮಾತು ತಡವಾಗುವುದೂ ಅದರಿಂದಲ್ಲ. ಅಜ್ಜಿಗೆ ಬಾರದ ಭಾಷೆಯಲ್ಲಿ ಅಜ್ಜಿ ಮಗುವಿನೊಡನೆ ಏನು ಮಾತಾಡಿಯಾರು? ಈ ಥೆರಪಿಸ್ಟ್ ಕನ್ನಡದವರು. ಮನೆಯಲ್ಲಿ ಬಳಸುವ ಕೊಂಕಣಿ ಶಬ್ದಗಳನ್ನು ಆಯಿಯಿಂದಲೇ ಬರೆಸಿಕೊಂಡರು. ನನ್ನ ಅನುಮಾನ ಅರ್ಧ ಹೋದದ್ದು ಅಲ್ಲಿ. ಉಳಿದರ್ಧ ಹೋದದ್ದು, "ಊಟದಲ್ಲಿ ಅನ್ನ, ಬಿಸ್ಕೆಟ್ ಬಿಟ್ಟು ಏನೂ ಮುಟ್ಟದ್ದಕ್ಕೆ ಆಕ್ಯುಪೇಶನಲ್ ಥೆರಪಿಸ್ಟ್ ನೋಡಬೇಕು, ಅದು ನನ್ನ ಕೆಲಸವಲ್ಲ" ಎಂದು ಅವರೇ ಹೇಳಿದಾಗ.

ಈಗ: ಕಿವಿ ಸರಿಯಿದೆ. ಮೈಸೂರಿನ ವರದಿಯಲ್ಲಿ ಆಟಿಸಂ ಎಂದು ಬಂದಿದೆ. ಆಯಿ ಅತ್ತರು, ಅಪ್ಪ ಸುಮ್ಮನಿದ್ದರು. ಅದಕ್ಕೆಂದೇ ಬೇರೆ ದಿನ ಕೂತೆವು. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದ್ದಾರೆ. ಅದು ಬಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ವೆಚ್ಚದಲ್ಲಿ ಥೆರಪಿಯದ್ದೂ ಸೇರುತ್ತದೆ. ಅಂಗನವಾಡಿಗೆ ಹೋಗುವುದನ್ನು ಬಿಡಿಸಬೇಡಿ ಎಂದಿದ್ದೇನೆ. ಮೂರು ತಿಂಗಳಿಗೆ ಹಾಳೆ ತೆಗೆದು ನೋಡುವುದು, 'ದಿ' ಬಾರದಿದ್ದರೆ ಥೆರಪಿಸ್ಟ್‌ರನ್ನೇ ಕಾರಣ ಕೇಳುವುದು, ಉತ್ತರ ಸರಿಹೋಗದಿದ್ದರೆ ಬದಲಿಸುವುದು.

ಒಂದು ಉಳಿದಿದೆ. ಪ್ಯಾಕೇಜ್‌ನವರಿಗೆ ಇವರು ಮುಂಗಡ ಕೊಟ್ಟಿದ್ದ ವಿಷಯ ನನಗೆ ತಿಳಿದದ್ದು ಕಡೆಗೆ. ಅವರ ಕರಪತ್ರದಲ್ಲಿ ಸ್ಟೆಮ್ ಸೆಲ್ (ದೇಹಕ್ಕೆ ಆಕರಕೋಶ ಸೇರಿಸುವ) ಚಿಕಿತ್ಸೆಯ ಪ್ರಸ್ತಾಪವೂ ಇತ್ತು. ಆಟಿಸಂಗೆ ಅದನ್ನು ಶಿಫಾರಸು ಮಾಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಹಣ ವಾಪಸು ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದಿದ್ದಾರೆ, ಉತ್ತರ ಬಂದಿಲ್ಲ. ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ, 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ರಸೀದಿ ಮಾತ್ರ ಕಳೆಯಬೇಡಿ ಎಂದಿದ್ದೇನೆ. ರಸೀದಿ ಅಪ್ಪನ ನೋಟ್‌ಬುಕ್ಕಿನಲ್ಲೇ ಇದೆಯಂತೆ.