ಆನೆ ಕಲಿಸಿದ್ದು ಯಾರು?

ಪ್ರಶ್ನೆ: ನನಗೆ 14 ತಿಂಗಳ ಮಗ ಇದ್ದಾನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿ ನಾನು, ಅವನು ಇಬ್ಬರೇ. ಅವನು ಎಂಟು ತಿಂಗಳಿದ್ದಾಗಿನಿಂದ ಪುಟ್ಟ ಮಕ್ಕಳಿಗೆಂದೇ ಮಾಡಿದ ಕಲಿಕೆಯ ವಿಡಿಯೋಗಳನ್ನು ಹಾಕುತ್ತಿದ್ದೇನೆ. ಬಣ್ಣ, ಪ್ರಾಣಿ, ಅಕ್ಷರ, ಹೀಗೆ. ದಿನಕ್ಕೆ ಒಂದೂವರೆ ಗಂಟೆ ಆಗಬಹುದು. ಅವನು ಎಷ್ಟು ಗಮನ ಕೊಟ್ಟು ನೋಡುತ್ತಾನೆ ಅಂದ್ರೆ, ಕರೆದರೂ ತಿರುಗುವುದಿಲ್ಲ. ‘ಆನೆ ಎಲ್ಲಿ?’ ಅಂದರೆ ಗೋಡೆಯ ಚಿತ್ರದಲ್ಲಿರುವ ಆನೆಗೆ ಬೆರಳು ತೋರಿಸುತ್ತಾನೆ. ಯಜಮಾನರಿಗೆ ಇದೆಲ್ಲ ವಿಡಿಯೋದಿಂದಲೇ ಬಂತು ಎಂದು ಹೆಮ್ಮೆ. ಮಗನ ಜೊತೆ ಅವರೂ ತುಂಬಾ ಆಡುತ್ತಾರೆ. ರಾತ್ರಿ ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಆನೆಯಾಗಿ ಮನೆ ತುಂಬ ಸುತ್ತುತ್ತಾರೆ.

ಹೋದ ತಿಂಗಳು ನನ್ನ ಅಕ್ಕ ಬಂದಿದ್ದಳು. ‘ಒಂದೊಂದು ಗಂಟೆ ವಿಡಿಯೋಗೂ ಮಗುವಿನ ಆರೆಂಟು ಪದ ಹೋಗುತ್ತಂತೆ, ನೀನೇ ಅವನನ್ನು ಹಾಳು ಮಾಡ್ತಿದ್ದೀಯ’ ಎಂದಳು. ನಾನು ಅತ್ತುಬಿಟ್ಟೆ. ಯಜಮಾನರು, ‘ನಿಮ್ಮಕ್ಕನಿಗೆ ಹೊಟ್ಟೆಕಿಚ್ಚು’ ಎನ್ನುತ್ತಾರೆ. ನಿಲ್ಲಿಸಿದರೆ ಮಗ ಹಿಂದೆ ಬೀಳುತ್ತಾನಾ? ಮುಂದುವರಿಸಿದರೆ ಹಾಳಾಗುತ್ತಾನಾ?

ಉತ್ತರ: ಎರಡೂ ಇಲ್ಲ. ನಿಲ್ಲಿಸಿದರೆ ಅವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಇಷ್ಟು ದಿನ ನೋಡಿದ್ದರಿಂದ ಹಾಳಾಗಿಯೂ ಇಲ್ಲ. ಮೊದಲು ಕಣ್ಣೊರೆಸಿಕೊಳ್ಳಿ.

ನಿಮ್ಮ ಅಕ್ಕ ಹೇಳಿದ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. 2007ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಪ್ಪ ಅಮ್ಮಂದಿರನ್ನು ಫೋನಿನಲ್ಲಿ ಮಾತಾಡಿಸಿ ಒಂದು ಅಧ್ಯಯನ ಮಾಡಿದ್ದರು. 8ರಿಂದ 16 ತಿಂಗಳ ಮಕ್ಕಳು ದಿನಕ್ಕೆ ಒಂದು ಗಂಟೆ ಇಂಥ ವಿಡಿಯೋ ನೋಡುತ್ತಿದ್ದರೆ, ನೋಡದ ಮಕ್ಕಳಿಗಿಂತ ಅವರಿಗೆ ಆರರಿಂದ ಎಂಟು ಪದ ಕಡಿಮೆ ತಿಳಿದಿತ್ತು ಎಂಬುದು ಅದರ ಸಾರ. ಬಂದ ಪದ ಮರೆತುಹೋಯಿತು ಅಂತ ಯಾರೂ ಹೇಳಿರಲಿಲ್ಲ. ವಿಡಿಯೋದಿಂದಲೇ ಹೀಗಾಯಿತು ಎಂದು ಅಂಥ ಅಧ್ಯಯನದಿಂದ ಹೇಳಲೂ ಆಗುವುದಿಲ್ಲ. ಮಾತು ತಡವಾದ ಮಗುವಿಗೇ ಮನೆಯವರು ಜಾಸ್ತಿ ವಿಡಿಯೋ ತೋರಿಸಿರಬಹುದಲ್ವಾ? 2014ರಲ್ಲಿ ಬೇರೆ ಇಬ್ಬರು ಅದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿ ನೋಡಿದರು. ಲೆಕ್ಕದ ರೀತಿ ಬದಲಿಸಿದರೆ ಫಲಿತಾಂಶವೂ ಬದಲಾಗುತ್ತಿತ್ತು. ಹಾಗಾಗಿ ಅಕ್ಕನ ಬೆದರಿಕೆಯನ್ನು ಅಲ್ಲೇ ಬಿಡಿ.

ಈಗ ಯಜಮಾನರ ಹೆಮ್ಮೆಯ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ಕೂರಬೇಕು.

2010ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಜೂಡಿ ಡಿಲೋಚ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ನಿಮ್ಮ ಮಗನ ವಯಸ್ಸಿನವೇ ಮಕ್ಕಳು, 12ರಿಂದ 18 ತಿಂಗಳಿನವು. ಕೆಲವರು ಪದ ಕಲಿಸುವ ವಿಡಿಯೋವನ್ನು ನಾಲ್ಕು ವಾರ ಮನೆಯಲ್ಲಿ ತಾವೇ ನೋಡಿದರು, ಕೆಲವರು ದೊಡ್ಡವರ ಜೊತೆ ಕೂತು ನೋಡಿದರು. ಇನ್ನು ಕೆಲವರಿಗೆ ವಿಡಿಯೋನೇ ಇಲ್ಲ. ಅವರ ಮನೆಯವರ ಕೈಗೆ ಅದೇ ಪದಗಳ ಪಟ್ಟಿ ಕೊಟ್ಟು, ನಿಮಗೆ ತೋಚಿದ ಹಾಗೆ ಕಲಿಸಿ ಎಂದರು. ನಾಲ್ಕನೆಯ ಗುಂಪಿಗೆ ಪಟ್ಟಿಯೂ ಇಲ್ಲ, ವಿಡಿಯೋವೂ ಇಲ್ಲ. ತಿಂಗಳ ಕೊನೆಗೆ ನೋಡಿದರೆ, ವಿಡಿಯೋ ನೋಡಿದ ಮಕ್ಕಳು ಏನೂ ಸಿಗದ ಮಕ್ಕಳಿಗಿಂತ ಹೆಚ್ಚೇನೂ ಕಲಿತಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ಕಲಿತದ್ದು ಅಪ್ಪ ಅಮ್ಮನ ಬಾಯಿಂದ ಕೇಳಿದ ಮಕ್ಕಳು.

ಆದರೆ ನನಗೆ ಇಷ್ಟವಾದದ್ದು ಇದರ ಬಾಲ. ವಿಡಿಯೋವನ್ನು ತುಂಬಾ ಮೆಚ್ಚಿದ ಅಪ್ಪ ಅಮ್ಮಂದಿರು, ನಮ್ಮ ಮಗು ಅದರಿಂದ ತುಂಬಾ ಕಲಿಯಿತು ಎಂದು ನಂಬಿದ್ದರು. ಮಗು ಮಾತ್ರ ಕಲಿತಿರಲಿಲ್ಲ! ಇದರಲ್ಲಿ ಯಾರದೂ ಮೋಸವಿಲ್ಲ. ಈ ವಯಸ್ಸಿನಲ್ಲಿ ಮಕ್ಕಳಿಗೆ ಹೇಗಿದ್ದರೂ ಹೊಸ ಹೊಸ ಪದ ಅರ್ಥವಾಗುತ್ತಾ ಹೋಗುತ್ತವೆ. ಆ ಹೊತ್ತಿಗೆ ಮನೆಯಲ್ಲಿ ಏನು ಓಡುತ್ತಿರುತ್ತದೋ ಅದಕ್ಕೆ ಹೆಸರು ಬರುತ್ತದೆ.

ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ‘ಆನೆ’ ವಿಡಿಯೋದಿಂದ ಬಂತು ಎಂದಿದ್ದೀರಿ. ಎರಡೇ ಸಾಲು ಕೆಳಗೆ, ಅಪ್ಪ ರಾತ್ರಿ ಆನೆಯಾಗಿ ಮನೆ ಸುತ್ತುತ್ತಾರೆ ಎಂದೂ ಬರೆದಿದ್ದೀರಿ. ನನ್ನ ಪ್ರಕಾರ ಆ ಪದ ಕಲಿಸಿದ್ದು ಅವರ ಬೆನ್ನು. ಪಾಪ, ಮಂಡಿ ಸವೆಸಿದ್ದು ಅವರು, ಮೇಷ್ಟ್ರು ಅನ್ನಿಸಿಕೊಂಡದ್ದು ಫೋನು.

‘ಕರೆದರೂ ತಿರುಗುವುದಿಲ್ಲ’ ಎಂದಿರಲ್ಲ, ಅದನ್ನೂ ಗಮನ ಅಂದುಕೊಳ್ಳಬೇಡಿ. ಚಿತ್ರ ಪಟಪಟ ಬದಲಾದರೆ, ಸದ್ದು ಬಂದರೆ ಕಣ್ಣು ತಾನಾಗಿಯೇ ಅತ್ತ ಹೋಗುತ್ತದೆ. ಒಂದು ಪ್ರಯೋಗದಲ್ಲಿ ಮಕ್ಕಳ ಕಾರ್ಯಕ್ರಮದ ದೃಶ್ಯಗಳನ್ನು ಕಲಸಿಟ್ಟರು, ಮಾತನ್ನು ಉಲ್ಟಾ ಓಡಿಸಿದರು. ಆರು ತಿಂಗಳ ಮಕ್ಕಳೂ ಒಂದು ವರ್ಷದ ಮಕ್ಕಳೂ ಅದನ್ನು ಸರಿಯಾದ ಕಾರ್ಯಕ್ರಮದಷ್ಟೇ ನೋಡಿದವು. ಒಂದೂವರೆ ವರ್ಷ ದಾಟಿದ ಮಕ್ಕಳು ಮಾತ್ರ ಸರಿಯಾದದ್ದನ್ನೇ ಹೆಚ್ಚು ಹೊತ್ತು ನೋಡಿದವು.

ಮಾತು ಕಲಿಯಲು ಮಗುವಿಗೆ ಎದುರಿನವರಿಂದ ಉತ್ತರ ಬೇಕು. ಅದು ‘ಬಾ’ ಅಂದಾಗ ನೀವು ‘ಬಾಲ್ ಬೇಕಾ?’ ಅನ್ನುತ್ತೀರಿ. ಅದು ನೋಡಿದ ಕಡೆ ನೀವೂ ನೋಡುತ್ತೀರಿ. ವಿಡಿಯೋ ಮಗುವಿನ ಮುಖ ನೋಡುವುದಿಲ್ಲ, ತನ್ನ ಪಾಡಿಗೆ ಹೇಳಿಕೊಂಡು ಹೋಗುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ, 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡ ಎಂದಾಗಲೂ ವಿಡಿಯೋ ಕರೆಗೆ ವಿನಾಯಿತಿ ಕೊಟ್ಟದ್ದು ನೋಡಿ. ಅಲ್ಲಿ ಅಜ್ಜಿ ವಾಪಸ್ ಮಾತಾಡುತ್ತಾಳೆ! ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಎರಡು ವರ್ಷದೊಳಗೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ.

ಹಾಗಾದರೆ ಆ ಒಂದೂವರೆ ಗಂಟೆ ಏನು? ಅದು ನಿಮ್ಮ ಗಂಟೆ. ಇಡೀ ದಿನ ಒಬ್ಬರೇ ಮಗು ನೋಡಿಕೊಳ್ಳುವವರಿಗೆ ಸ್ನಾನಕ್ಕೆ, ಅಡುಗೆಗೆ, ಸುಮ್ನೆ ಗೋಡೆಗೆ ಒರಗಿ ಕೂರಲು ಹೊತ್ತು ಬೇಕೇ ಬೇಕು. ಅದನ್ನು ‘ನನಗೆ ಸಾಕಾಗಿದೆ’ ಎಂದು ಹೇಳಿಕೊಳ್ಳಲು ಸಂಕೋಚ. ‘ಮಗು ಕಲೀತಿದೆ’ ಎನ್ನುವುದು ಸುಲಭ. ಮಾರುವವರಿಗೂ ಇದು ಚೆನ್ನಾಗಿ ಗೊತ್ತು. ವಿಡಿಯೋಗಳು ಬರುವ ಮುಂಚಿನ ಕಾಲದಲ್ಲಿ ನಾನೂ ಅಕ್ಷರದ ಕಾರ್ಡುಗಳನ್ನು ಕೊಂಡು ತಂದಿದ್ದೆ. ನನ್ನ ಮಗಳು ಅವುಗಳಲ್ಲಿ ಅರ್ಧವನ್ನು ಜಗಿದಳು. ಆದರೂ ಅವಳು ಚುರುಕಾಗಿದ್ದಾಳೆ, ಕಾರ್ಡಿನಿಂದಲೇ ಎಂದು ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅದಕ್ಕೇ, ಒಂದೇ ದಿನಕ್ಕೆ ಎಲ್ಲ ನಿಲ್ಲಿಸಿ ಅನ್ನುವುದಿಲ್ಲ. ಊಟದ ಹೊತ್ತಿನದು, ಮಲಗುವ ಮುಂಚಿನದು ಮೊದಲು ಹೋಗಲಿ. ಉಳಿದದ್ದನ್ನು ವಾರವಾರ ಸ್ವಲ್ಪ ಕಡಿಮೆ ಮಾಡಿ. ಎರಡು ಮೂರು ದಿನ ಅಳುತ್ತಾನೆ, ರಂಪ ಮಾಡುತ್ತಾನೆ. ನೀವು ಕೆಲಸ ಮಾಡುವ ಕಡೆಯೇ ನೆಲದ ಮೇಲೆ ಕೂರಿಸಿ, ಒಡೆಯದ ಡಬ್ಬಿ ಮುಚ್ಚಳ ಕೊಡಿ, ಮಾಡುತ್ತಿರುವ ಕೆಲಸವನ್ನೇ ಅವನಿಗೆ ಹೇಳುತ್ತಾ ಹೋಗಿ. ತೀರಾ ಸುಸ್ತಾದ ದಿನ ಹತ್ತು ನಿಮಿಷ ಹಾಕಿದಿರಿ ಅಂದುಕೊಳ್ಳಿ, ಅದಕ್ಕೆ ಅಪರಾಧಿಯ ಹಾಗೆ ಕೊರಗಬೇಡಿ. ಪಾಠ ಅಂತ ಮಾತ್ರ ಕರೆಯಬೇಡಿ.

ಒಂದನ್ನು ಗಮನಿಸಿ. ವಿಡಿಯೋ ಆರಿಸಿದ ಮೇಲೂ ಹೆಸರು ಕರೆದರೆ ತಿರುಗದಿದ್ದರೆ, ಅಥವಾ 16 ತಿಂಗಳಾದರೂ ಒಂದೂ ಪದ ಬರದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬೆರಳು ಮಾಡಿ ತೋರಿಸುತ್ತಾನೆ ಅಂದಿದ್ದೀರಿ, ಅದು ಒಳ್ಳೆಯ ಲಕ್ಷಣ.

ಯಜಮಾನರು ಇದನ್ನೆಲ್ಲ ಒಪ್ಪುವುದು ಕಷ್ಟ. ವಾದ ಬೇಡ, ಪರೀಕ್ಷೆ ಮಾಡಿ. ವಿಡಿಯೋದಲ್ಲಿ ಮಾತ್ರ ಬರುವ, ಮನೆಯಲ್ಲಿ ನೀವಿಬ್ಬರೂ ಎಂದೂ ಆಡದ ಒಂದು ಪದ ಹುಡುಕಿ. ಆ ವಸ್ತುವಿನ ಬೇರೆ ಚಿತ್ರವನ್ನೂ ಇನ್ನೊಂದು ಚಿತ್ರವನ್ನೂ ಅವನ ಮುಂದಿಡಿ. ನಿಮ್ಮ ಕಣ್ಣು ಅತ್ತ ಹೋಗದ ಹಾಗೆ ‘ಎಲ್ಲಿ?’ ಎಂದು ಕೇಳಿ. ಎರಡರಲ್ಲಿ ಒಂದು ಸುಮ್ನೆ ಮುಟ್ಟಿದರೂ ಅರ್ಧ ಸಲ ಸರಿಯಾಗುತ್ತದೆ, ಹಾಗಾಗಿ ಚಿತ್ರಗಳ ಜಾಗ ಬದಲಿಸುತ್ತಾ ಹತ್ತು ಸಲವಾದರೂ ಕೇಳಿ. ಮಾರನೆಯ ದಿನ ಅದೇ ರೀತಿ ‘ಆನೆ’ ಕೇಳಿ. ಆನೆಯಲ್ಲಿ ಗೆದ್ದದ್ದು ತಮ್ಮ ಬೆನ್ನೇ ಎಂದು ತಿಳಿದರೆ ಅವರಿಗೇನೂ ಬೇಜಾರಾಗದು.

ಇನ್ನು ಅಕ್ಕ. ಅವಳ ಕಾಳಜಿ ನಿಜವಾದದ್ದೇ, ಹೇಳಿದ ರೀತಿ ಒರಟು. ಮುಂದಿನ ಸಲ ಬಂದಾಗ, ‘ಅಕ್ಕಾ, ಒಂದು ಗಂಟೆ ಇವನನ್ನು ನೋಡಿಕೋ’ ಎಂದು ಕೈಗೆ ಕೊಟ್ಟುಬಿಡಿ. ನೀವು ಹೋಗಿ ಮಲಗಿ.