‘ಬೇಡ’ ಅನ್ನೋ ಬಟನ್

ಮೊಬೈಲಿನ ಆಫರಿಗೆ ‘ಬೇಡ’ ಅನ್ನಲಾಗದೆ ದುಡ್ಡು ಕಟ್ಟಿ, ಆ ತೊಂದರೆ ಹೊತ್ತು ಈ ವರ್ಷ ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದವರಲ್ಲಿ ಈ ತಾಯಿ ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮಂಡ್ಯದ ಹತ್ತಿರದ ಹಳ್ಳಿಯವರು. ಗಂಡನಿಗೆ ಆಲೆಮನೆ ಕೆಲಸ, ಮಗ ಪಿಯುಸಿ. ನಿದ್ದೆ ಬರ್ತಿಲ್ಲ ಅಂತ ಬಂದಿದ್ದರು. ಮೂರನೇ ಭೇಟಿಯಲ್ಲಿ ವಿಷಯ ಹೊರಬಿತ್ತು: ಚೀಟಿ ಎತ್ತಿದ ದುಡ್ಡಲ್ಲಿ 18,000 ರೂಪಾಯಿ ಕಟ್ಟಿ, ಗಂಡನಿಗೆ ಹೇಳದೆ, ಮಗನಿಗೆ ಮೊಬೈಲಲ್ಲಿ ಕೋಚಿಂಗ್ ಕೋರ್ಸ್ ತಗೊಂಡಿದ್ದರು.

“ಆಫರ್ ಮುಗಿಯುತ್ತೆ ಅಂತ ಗಡಿಯಾರ ಓಡ್ತಿತ್ತಲ್ಲ, ಅದಕ್ಕೆ ಹೆದರಿದ್ರಾ?”

“ಇಲ್ಲ ಕಣ್ ಮೇಡಂ. ಅದು ಸುಳ್ಳು ಅಂತ ಗೊತ್ತಿತ್ತು, ಮಾರನೇ ದಿನಾನೂ ಅದೇ 14 ನಿಮಿಷ ತೋರಿಸ್ತಿತ್ತು. ಇದ್ ನೋಡಿ.” ಫೋನನ್ನು ನನ್ನ ಕಡೆ ತಿರುಗಿಸಿದರು. ಮೇಲೆ ದೊಡ್ಡ ಹಸಿರು ಬಟನ್: ‘ಈಗಲೇ ಸೇರಿಸಿ’. ಅದರ ಕೆಳಗೆ ಮಾಸಲು ಬೂದು ಅಕ್ಷರ: ‘ಬೇಡ, ನನ್ನ ಮಗುವಿನ ಭವಿಷ್ಯ ನನಗೆ ಮುಖ್ಯವಲ್ಲ’.

“ಅದನ್ನ ಒತ್ತಕ್ಕೆ ಕೈ ಬರ್ನಿಲ್ಲ.”

ಜಾಹೀರಾತು ನಂಬಬೇಡಿ ಅನ್ನುವ ನನ್ನ ಮಾಮೂಲಿ ಬುದ್ಧಿಮಾತು ಅಲ್ಲೇ ಬಿದ್ದುಹೋಯಿತು. ಈಕೆ ನಂಬಿರಲೇ ಇಲ್ಲ. ಆ ವಾಕ್ಯ ತನ್ನ ಬಾಯಿಂದ ಬರಬಾರದು ಅಂತ ದುಡ್ಡು ಕಟ್ಟಿದ್ದರು. ಹೋದ ವರ್ಷ ಮಗ ಟ್ಯೂಷನ್ ಕೇಳಿದಾಗ ಇಲ್ಲ ಅಂದಿದ್ದರಂತೆ. ಬಟನ್ ಬರೆದವರಿಗೆ ಅದು ಗೊತ್ತಿರಬೇಕಿಲ್ಲ. ಯಾವ ತಾಯಿಗೆ ಅಂಥದ್ದೊಂದು ಇರೋದಿಲ್ಲ?

2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರ ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿಯಿದೆ. ಸುಳ್ಳು ಅವಸರ ಒಂದು, ಬೇಡ ಅಂದವರನ್ನು ನಾಚಿಸುವುದು ಇನ್ನೊಂದು. ಅವರಿಗೆ ಅದನ್ನು ವಿವರಿಸಿದೆ. “ಸರ್ಕಾರದೋರ್ಗೂ ಗೊತ್ತಾ ಇದು?” ಅಂದವರು ಮೊದಲ ಸಲ ಕುರ್ಚಿಗೆ ಒರಗಿ ಕೂತರು.

ನಾನು ಹೇಳಿದ್ದು ಎರಡೇ: ನನ್ನೆದುರೇ ಆ ‘ಬೇಡ’ ಒತ್ತಿ, ಇಲ್ಲಿಂದಲೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಮೊದಲನೆಯದು ನಾಟಕವಾಯಿತು, ಮನೆ ಖರ್ಚಿನ ಲೆಕ್ಕ ಕಲಿಸಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಚೀಟಿ ನಡೆಸಿ ಮನೆ ತೂಗಿಸುವವರಿಗೆ ಲೆಕ್ಕ ನಾನು ಕಲಿಸಬೇಕೆ? ಕೆಟ್ಟ ತಾಯಿ ಅನ್ನುವ ಹಣೆಪಟ್ಟಿಗೆ ಹೆದರಿದ ಬೆರಳಿಗೆ ಬೇಕಾದದ್ದು ಅಭ್ಯಾಸ. ಎರಡು ಸಲ ಹಿಂದೆಗೆದು ಮೂರನೇ ಸಲ ಒತ್ತಿದರು.

ದುಡ್ಡು ಇನ್ನೂ ಬಂದಿಲ್ಲ. ಗಂಡನಿಗೆ ಹೇಳಿದ್ದಾರೆ, ಎರಡು ದಿನ ಮಾತು ಬಿಟ್ಟಿದ್ದರಂತೆ. ಮಗ ಆ ಪಾಠಗಳಲ್ಲಿ ಒಂದನ್ನೂ ಪೂರ್ತಿ ನೋಡಿರಲಿಲ್ಲ. ಹೇಳಿದರೆ ಅವ್ವ ನೊಂದುಕೊಳ್ಳುತ್ತಾಳೆ ಅಂತ ಅವನೂ ಸುಮ್ಮನಿದ್ದನಂತೆ.